ಪೂರ್ವಪಕ್ಷದ ಅಜ್ಜಾರು

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಯಾಕೆ ನಂಬಬಾರದು ಎನ್ನುವುದಕ್ಕೆ ಕಾರಣಗಳನ್ನೂ ನಾನೇ ಕೊಟ್ಟುಬಿಡುತ್ತೇನೆ. ಒಂದು, ನನಗೆ ಇನ್ನೂ ಹದಿನಾರು ವರ್ಷ. ಎರಡು, ಬೈಲಹೊಂಗಲದ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ "ಆ ಹುಡಿಗಿ ಹೇಳಿದ್ರಾಗ ಅರ್ಧಾ ತಗದ ಒಗೀರಿ" ಎನ್ನುತ್ತಾರೆ. ಮೂರು, ನಾನು ಹೇಳಹೊರಟಿರುವ ಅಜ್ಜಾರ ಕಿವಿಯ ಕೂದಲು ಎಷ್ಟು ಉದ್ದ ಇತ್ತೆಂದರೆ, ಒಂದು ಮಳೆಗಾಲ ಅದರಲ್ಲಿ ಗುಬ್ಬಿ ಗೂಡು ಕಟ್ಟಿ ಎರಡು ಮರಿ ಮಾಡಿಕೊಂಡು ಹೋಯಿತು. ಬೇಕಾದರೆ ಒಂದೇ ಮರಿ ಎಂದು ತಿಳಿಯಿರಿ.

ಹೀಗೆ ಎದುರಿನವರ ಮಾತನ್ನು ಅವರಿಗಿಂತ ಮೊದಲು, ಅವರಿಗಿಂತ ಚೆನ್ನಾಗಿ ನಾವೇ ಆಡಿಬಿಡುವುದಕ್ಕೆ ಪೂರ್ವಪಕ್ಷ ಎಂದು ಹೆಸರು. ಅದು ಮುಗಿದ ಮೇಲೆ, ಆ ಮಾತು ಎಲ್ಲಿ ನಿಲ್ಲುವುದಿಲ್ಲ ಎಂದು ತೋರಿಸಿ ನಮ್ಮದನ್ನು ಹೇಳುವುದು ಸಮಾಧಾನ. ಇದನ್ನು ನನಗೆ ಕಲಿಸಿದವರು ಅಜ್ಜಾರು. ಊರಿಗೆ ಅವರು ಶಾಸ್ತ್ರಿಗಳು, ಅವರ ಬೆನ್ನ ಹಿಂದೆ ಪೂರ್ವಪಕ್ಷದ ಅಜ್ಜ. ನನಗೂ ಅವರಿಗೂ ರಕ್ತಸಂಬಂಧ ಏನೂ ಇರಲಿಲ್ಲ. ನಡುವೆ ಒಂದು ಗೋಡೆ ಮಾತ್ರ ಇತ್ತು.

ಈ ಸಲ ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಅಣ್ಣ ನನ್ನ ಗಂಡನ ಊರು ನೇಸರಗಿಗೆ ಬಂದ. ಗಾಡಿ ಊರ ಹೊರಗಿನ ಹಳ್ಳ ದಾಟಿತು. ಆಮೇಲೆ ಎತ್ತುಗಳ ಬೆನ್ನು ನೋಡುತ್ತ ಹೇಳಿದ.

"ಅಜ್ಜಾರು ಲಿಂಗೈಕ್ಯ ಆದ್ರು. ಹದಿನೈದ ದಿನಾ ಆತು."

"ಅದರಾಗ ಅರ್ಧಾ ತಗಿಯಣ್ಣಾ," ಎಂದೆ.

ಅಣ್ಣ ತಿರುಗಿ ನೋಡಲಿಲ್ಲ. ನಾನು ಗಾಡಿಯ ಹಲಗೆಯನ್ನು ಉಗುರಿನಿಂದ ಕೆರೆಯುತ್ತ ಕೂತೆ. ಸಾವಿನಲ್ಲಿ ಅರ್ಧ ತೆಗೆಯಲು ಬರುವುದಿಲ್ಲ ಎನ್ನುವುದು ನೇಸರಗಿಯಿಂದ ಬೈಲಹೊಂಗಲ ಮುಟ್ಟುವುದರೊಳಗೆ ನನಗೆ ತಿಳಿಯಿತು.

ಅಜ್ಜಾರು ವಾದಕ್ಕೆ ಕೂತರೆ ಬಲಗೈಯ ತೋರುಬೆರಳು ಮೇಲೇಳುತ್ತಿತ್ತು. ಬೆರಳು ಮೇಲಿರುವ ತನಕ ಅವರು ಆಡುತ್ತಿದ್ದದ್ದು ಎದುರಿನವರ ಮಾತು. ತಮ್ಮದನ್ನು ಹೇಳುವ ಹೊತ್ತಿಗೆ ಬೆರಳು ಮಡಚಿ, ಅಂಗೈ ಎತ್ತಿ, ತೊಡೆಯ ಮೇಲೆ ಟಪ್ಪೆಂದು ಬಡಿಯುತ್ತಿದ್ದರು. ಅಂಗೈ ಬಿತ್ತೆಂದರೆ ತೀರಿತು. ತಾವು ನಂಬಿದ್ದನ್ನು ಅವರು ಎಂದೂ ಬೆರಳೆತ್ತಿ ಹೇಳಿದವರಲ್ಲ. ಬೆರಳೆತ್ತಿ ಹೇಳಿದ ಮಾತು ಎಷ್ಟೇ ಗಟ್ಟಿಯಾಗಿ ಕಂಡರೂ ಅದು ಬೀಳಲಿಕ್ಕೇ ನಿಂತ ಮಾತು. ಊರಿನವರಿಗೆ ಈ ಗುಟ್ಟು ತಿಳಿಯದೆ ಅರ್ಧಕ್ಕೇ ಎದ್ದು ಹೋಗಿ "ಶಾಸ್ತ್ರಿಗಳು ನಮ್ಮ ಕಡೆ ಅದಾರ" ಎಂದು ಸಾರಿಕೊಂಡು ಬರುತ್ತಿದ್ದರು.

ಒಂದು ದಿನ ಅವರ ಮನೆಯ ಕರು, ಎದುರುಮನೆಯ ಹೆಣ್ಣುಮಗಳು ಒಣಹಾಕಿದ್ದ ಹೊಸ ಇಳಕಲ್ ಸೀರೆಯ ಸೆರಗನ್ನು ತಿಂದುಹಾಕಿತು. ಆಕೆ ಬಂದು ಅಜ್ಜಾರ ಬಾಗಿಲಲ್ಲಿ ನಿಂತು ಕರುವಿನ ವಂಶವನ್ನು ಬೈಯತೊಡಗಿದಳು. ಆಕೆ ಬೈದರೆ ಎರಡು ಹರದಾರಿ ಆಚೆ ಸಂಪಗಾಂವದ ನಾಯಿಗಳು ಬಾಲ ಮುದುರಿಕೊಳ್ಳುತ್ತಿದ್ದವು. ಅಜ್ಜಾರು ಪೂರ್ತಿ ಕೇಳಿಸಿಕೊಂಡು ಬೆರಳೆತ್ತಿದರು.

"ಯವ್ವಾ, ನೀ ಬೈಯೂದು ಬರೋಬ್ಬರಿ ಇಲ್ಲ."

"ಏನಂದ್ರಿ?"

"ಕರುವಿಗೆ ಬೈಯಾಕ ಹತ್ತಿ. ಅದಕ್ಕೇನ್ ತಿಳೀತೈತಿ? ಕರಾ ಕಟ್ಟಿದಾವ ಯಾರು, ನಾ. ಸಡ್ಲ ಕಟ್ಟಿದಾವ ಯಾರು, ನಾ. ಯಾಕ ಸಡ್ಲ ಕಟ್ಟಿದೆ? ಪುಸ್ತಕದ ಕಡೆ ಲಕ್ಷ್ಯ ಇತ್ತು. ಅಂದಮ್ಯಾಲ ಇದು ಮರವು ಅಲ್ಲ, ಸೊಕ್ಕು. ಓದಿದಾವನ ಸೊಕ್ಕು. ಅದನ್ನ ಹಿಡದ ಬೈ."

ಆಕೆ ಅದನ್ನು ಹಿಡಿದು ಬೈದಳು. ಅಜ್ಜಾರು ತಲೆಯಾಡಿಸಿ, ಇನ್ನೂ ಸಾಲದು ಎಂದು ಮತ್ತೆರಡು ಕಾರಣ ಒದಗಿಸಿದರು. ನಾಲ್ಕನೆಯದಕ್ಕೆ ಬರುವಾಗ ಆಕೆಯೇ "ಇರಲಿ ಬಿಡ್ರಿ ಅಜ್ಜಾರ, ಮೂಕ ಪ್ರಾಣಿ, ತಿಂದೈತಿ" ಎಂದು ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದುಕೊಟ್ಟಳು. ಕರು ಮೂರು ದಿನ ಕೆಂಪು ಸಗಣಿ ಹಾಕಿತು, ಅಂಚಿನ ಸಮೇತ.

ಅಜ್ಜಾರ ಮನೆಯಲ್ಲಿ ಮೂರು ಜನ ಇದ್ದರು. ಅಜ್ಜಾರು, ಅವರ ಅಕ್ಕ, ಮತ್ತು ಸತ್ತು ಆರುನೂರು ವರ್ಷ ಆಗಿದ್ದ ಒಬ್ಬರು. ಅಕ್ಕನನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ದಿನವಿಡೀ ಅರಳೆ ಹಿಡಿದು ದೀಪದ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳು. ಆ ಮೂರನೆಯವರು ಒಬ್ಬ ಟೀಕಾಕಾರರು, ಶಾಸ್ತ್ರಗ್ರಂಥಕ್ಕೆ ಅರ್ಥ ಬರೆದವರು. ದೇವರು ಹೇಗಿದ್ದಾನೆ, ಲೋಕವನ್ನು ಯಾಕೆ ಮಾಡಿದ, ಜೀವ ಎಲ್ಲಿಂದ ಬಂತು ಎಂದು ಒಂದೊಂದೇ ಪ್ರಶ್ನೆ ಹಿಡಿದು, ಹಳಗನ್ನಡದಲ್ಲಿ ಮುನ್ನೂರು ತಾಳೆಗರಿ ತುಂಬ ವಾದಿಸಿದವರು. ಹೆಂಡತಿ ಗಂಡನ ಹೆಸರು ಹೇಳದ ಹಾಗೆ ಅಜ್ಜಾರು ಅವರ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ನಮ್ಮ ಹಿರ್ಯಾರು" ಎನ್ನುತ್ತಿದ್ದರು, ಅವರು ಈಗಷ್ಟೇ ಪೇಟೆಗೆ ಹೋಗಿದ್ದಾರೆ, ಇನ್ನೇನು ಬರುತ್ತಾರೆ ಎನ್ನುವ ಹಾಗೆ.

ಹಿರಿಯರು ಹುಟ್ಟಿದ್ದು ಸವದತ್ತಿ ಗುಡ್ಡದ ಕೆಳಗೆ. ಬರೆದದ್ದು ರಾಮದುರ್ಗದ ಕಡೆಯ ತೊರಗಲ್ಲಿನಲ್ಲಿ, ಕೋಟೆ ಗೋಡೆಯ ನೆರಳಿನಲ್ಲಿ. ಅವರನ್ನು ಸೋಲಿಸಬೇಕೆಂದು ಒಬ್ಬ ವಾದಿ ದೂರದಿಂದ ನಡೆದು ಬಂದನಂತೆ. ಹಿರಿಯರು ಅವನನ್ನು ಕೂರಿಸಿ, ಮೊದಲು ಅವನ ಮತವನ್ನೇ ಎತ್ತಿ ಮೂರು ದಿನ ಹೇಳಿದರಂತೆ. ಮೂರನೆಯ ದಿನ ಅವನು ಅಳುತ್ತ "ನನ್ನ ಮಾತು ಇಷ್ಟ ಛಂದ ಐತಿ ಅಂತ ನನಗ ಗೊತ್ತಿದ್ದಿಲ್ಲ" ಎಂದು ಕಾಲಿಗೆ ಬಿದ್ದನಂತೆ. ಹಿರಿಯರು "ಏಳಪಾ, ಸಮಾಧಾನ ಇನ್ನೂ ಬಾಕಿ ಐತಿ" ಎಂದರಂತೆ. ಎದುರಾಳಿಯ ವಾದದಲ್ಲಿ ಬಲ ಕಾಣದ ದಿನ ಹಿರಿಯರು ಉಪ್ಪು ಬಿಟ್ಟು ಉಣ್ಣುತ್ತಿದ್ದರು, ಕಾಣದ್ದು ಅವನ ತಪ್ಪಲ್ಲ, ತಮ್ಮ ಕಣ್ಣಿನದು ಎಂದು. ಈ ಕತೆ ಅಜ್ಜಾರು ಹೇಳುವಾಗಲೆಲ್ಲ ಆಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸುತ್ತಿದ್ದಳು.

"ತಮ್ಮಾ, ನಿನ್ನ ಹಿರ್ಯಾಗ ಉಪ್ಪ ಬ್ಯಾಡಾಗಿತ್ತು, ನನಗ ಬೇಕು. ಪ್ಯಾಟಿಗೆ ಹೋಗಿ ತಗೊಂಡ ಬಾ. ನಲವತ್ತ ವರ್ಷದಿಂದ ನಮ್ಮ ಮನ್ಯಾಗ ಅದಾನ, ಒಂದ ದಿನಾ ಒಂದ ಕೊಡಾ ನೀರ ತಂದಿಲ್ಲ."

ನಾನು ಈ ಮೂವರ ನಡುವೆ ನಾಲ್ಕನೆಯವಳಾಗಿ ನುಗ್ಗಿದ್ದು ಪ್ಲೇಗಿನ ವರ್ಷ. ಊರೆಲ್ಲ ಮನೆಗಳಿಗೆ ಕೀಲಿ ಹಾಕಿ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡಿತು. ಎಲ್ಲರ ಗಾಡಿಗಳಲ್ಲಿ ಜೋಳ, ಪಾತ್ರೆ, ಹಾಸಿಗೆ. ಅಜ್ಜಾರ ಗಾಡಿಯಲ್ಲಿ ತಾಳೆಗರಿಯ ಕಟ್ಟುಗಳು, ಅವುಗಳ ಮೇಲೆ ಆಯಿ. ಅನ್ನ ಮಾಡುವ ಗಡಿಗೆ ಮನೆಯಲ್ಲೇ ಉಳಿದಿತ್ತು. ಆಯಿ ಹದಿನೈದು ದಿನ ನಮ್ಮ ಗಡಿಗೆಯಲ್ಲಿ ಅಡುಗೆ ಮಾಡುತ್ತ ಹಿರಿಯರನ್ನು ಬೈದಳು. ಅಜ್ಜಾರಿಗೆ ಗರಿ ಓದಿ ಹೇಳಲು ಇಬ್ಬರು ಶಿಷ್ಯರಿದ್ದರು. ಆ ಗದ್ದಲದಲ್ಲಿ ಒಬ್ಬ ಇಂಗ್ರೇಜಿ ಕಲಿಯಲು ಧಾರವಾಡಕ್ಕೆ ಹೋದ, ಇನ್ನೊಬ್ಬ ರೈಲಿನ ಕೆಲಸಕ್ಕೆ ಹೋದ. ಅಜ್ಜಾರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುಖದ ಹತ್ತಿರ ಗರಿ ತಂದರೆ ಮೂಗಿಗೆ ತಾಗುತ್ತಿತ್ತೇ ಹೊರತು ಕಣ್ಣಿಗೆ ತಾಗುತ್ತಿರಲಿಲ್ಲ.

"ಮಗಳ, ನಿನಗ ಓದಾಕ ಬರತೈತೇನ?"

"ಬರತೈತ್ರಿ. ನಾಲ್ಕನೇ ಇಯತ್ತೆ ಮುಗಿಸೇನಿ. ಸಾಲಿ ಮಾಸ್ತರಿಗೆ ತಿಳೀದದ್ದ ನನ್ನ ಕೇಳತಿದ್ರು."

ಮಾಸ್ತರರು ನನ್ನನ್ನು ಕೇಳುತ್ತಿದ್ದದ್ದು ಒಂದೇ, ಯಾಕೆ ತಡವಾಗಿ ಬಂದೆ ಎಂದು. ಅಜ್ಜಾರು ಒಂದು ಗರಿ ನನ್ನ ಕೈಗಿಟ್ಟರು. ಅಕ್ಷರಗಳು ಇರುವೆಸಾಲಿನ ಹಾಗೆ ಒಂದರ ಬಾಲ ಒಂದು ಕಚ್ಚಿಕೊಂಡು ಹೊರಟಿದ್ದವು. ಎಲ್ಲಿ ಒಂದು ಮಾತು ಮುಗಿದು ಇನ್ನೊಂದು ಸುರುವಾಯಿತು ಎಂದು ಇರುವೆಗಳಿಗೇ ಗೊತ್ತಿರಲಿಲ್ಲ. ನಡುವೆ ದಾರ ಪೋಣಿಸುವ ತೂತು. ಸಾಲು ಅಲ್ಲಿಗೆ ಬಂದಾಗ, ಹಳ್ಳದ ದಂಡೆಯಲ್ಲಿ ಎತ್ತು ನಿಲ್ಲುವ ಹಾಗೆ, ಓದುವ ನಾಲಗೆ ಒಂದು ಕ್ಷಣ ನಿಂತು ಆಚೆಗೆ ಕಾಲಿಡಬೇಕು. ನಾನು ಆರು ದಿನದಲ್ಲಿ ಎಲ್ಲ ಕಲಿತೆ. ಇಲ್ಲಿ ಅರ್ಧ ತೆಗೆಯುವ ಬದಲು ದಿನ ಇದ್ದಲ್ಲಿ ತಿಂಗಳು ಹಾಕಿಕೊಳ್ಳಿ.

ಅಕ್ಷರ ಸಿಗದ ಕಡೆ ನಾನು ನಿಲ್ಲುತ್ತಿರಲಿಲ್ಲ. ನನಗೆ ತೋಚಿದ್ದನ್ನು ಅದೇ ರಾಗದಲ್ಲಿ ಸೇರಿಸಿ ಮುಂದೆ ಹೋಗುತ್ತಿದ್ದೆ. ಕಣ್ಣು ಮುಚ್ಚಿ ಕೂತ ಅಜ್ಜಾರು "ಇದು ನಿಂದು" ಎನ್ನುತ್ತಿದ್ದರು, ಅನ್ನದಲ್ಲಿ ಕಲ್ಲು ಸಿಕ್ಕವರ ಹಾಗೆ. ಒಂದು ಸಲವೂ ತಪ್ಪಿದ್ದಿಲ್ಲ. ಮುನ್ನೂರು ಗರಿಯೂ ಅವರಿಗೆ ಬಾಯಿಪಾಠ ಇತ್ತು.

"ಹಂಗಾರ ನನ್ನ ಕಡಿಂದ ಯಾಕ ಓದಸ್ತೀರಿ?" ಎಂದು ಒಮ್ಮೆ ಸಿಟ್ಟಿನಲ್ಲಿ ಕೇಳಿದೆ.

"ನನ್ನ ಬಾಯಾಗಿಂದ ಬಂದ್ರ ಅದು ನಾ ಮಾತಾಡಿದಂಗ. ಗರಿಯಿಂದ ಬಂದ್ರ ಅವರು ಮಾತಾಡಿದಂಗ. ತನ್ನ ದನಿ ತಾನ ಕೇಳಿ ಕೇಳಿ ಮನಷ್ಯಾಗ ಸಾಕಾಗತೈತಿ, ಮಗಳ."

ಆ ದಿನ ನಾನು ಒಂದೂ ಮಾತು ನನ್ನದು ಸೇರಿಸಲಿಲ್ಲ.

ಪ್ಲೇಗು ಹೋಯಿತು, ನಾವು ಊರಿಗೆ ಮರಳಿದೆವು, ಓದು ನಿಲ್ಲಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಕೊನೆಯ ಗರಿಗೆ ಬಂದೆವು. ಅಲ್ಲಿದ್ದ ಪ್ರಶ್ನೆ ಇದು. ತುಂಬಿದವನಿಗೆ ಬಯಕೆ ಇಲ್ಲ. ಬಯಕೆ ಇಲ್ಲದವನು ಕೈ ಆಡಿಸುವುದಿಲ್ಲ. ಆದರೆ ಲೋಕವಂತೂ ಇದೆ. ಹಾಗಾದರೆ ಮಾಡಿದವನಿಗೆ ಏನೋ ಕಡಿಮೆ ಇತ್ತು. ಕಡಿಮೆ ಇದ್ದವನು ದೇವರು ಹೇಗಾದಾನು? ಸುಮ್ಮನೆ ಆಟಕ್ಕೆ ಮಾಡಿದ ಎನ್ನುತ್ತೀರೋ, ಸುಮ್ಮನೆ ಕೂರಲಾರದವನು ಆಡುತ್ತಾನೆ, ಅದೂ ಒಂದು ಕೊರತೆಯೇ. ಇಷ್ಟು ಹೇಳಿ ಹಿರಿಯರು ಕೆಳಗೆ ಬರೆದಿದ್ದರು: "ಇದಕ್ಕೆ ಸಮಾಧಾನಮೆಂತೆಂದೊಡೆ." ಗರಿ ಅಲ್ಲಿಗೆ ಮುಗಿದಿತ್ತು. ನಾನು ಮುಂದಿನ ಗರಿಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಕಟ್ಟಿನ ಅಡಿಯ ಮರದ ಹಲಗೆ.

"ಮುಂದಿಂದ ಎಲ್ಲೈತ್ರಿ?"

"ಅದನ್ನ ಕೇಳಕೋತ ನಲವತ್ತ ವರ್ಷಾ ಆತು," ಎಂದರು ಅಜ್ಜಾರು.

ಉಳಿದದ್ದನ್ನು ಆಯಿ ಹಿತ್ತಲಲ್ಲಿ ನನಗೆ ಹೇಳಿದಳು. ಅಜ್ಜಾರು ಹರೆಯದಲ್ಲಿದ್ದಾಗ ಕಿತ್ತೂರಿನ ಕಡೆಯ ಒಬ್ಬ ಪಂಡಿತರು ಮಠದ ಸಭೆಯಲ್ಲಿ, ಎಲ್ಲರೆದುರು, ಈ ಗರಿಯ ಮಾತು ತೆಗೆದರಂತೆ. "ಗರಿ ಕಳದಿಲ್ಲ ಶಾಸ್ತ್ರಿಗಳ. ನಿಮ್ಮ ಹಿರ್ಯಾರಿಗೆ ಉತ್ತರಾ ತಿಳೀಲಿಲ್ಲ. ಬರಿಯೋ ಕಂಟ ಕೆಳಗಿಟ್ಟು ಎದ್ದ ಹ್ವಾದ್ರು" ಎಂದರಂತೆ. ಸಭೆ ನಕ್ಕಿತು. ಅಜ್ಜಾರು ಬೆರಳೆತ್ತಿ, ಆ ಪಂಡಿತರ ಮಾತನ್ನು ಅವರಿಗಿಂತ ಚೆನ್ನಾಗಿ, ಹಿರಿಯರಿಗೆ ಉತ್ತರ ಯಾಕೆ ತಿಳಿದಿರಲಿಕ್ಕಿಲ್ಲ ಎಂದು ಐದು ಕಾರಣ ಕೊಟ್ಟು ಹೇಳಿದರಂತೆ. ಹೇಳಿ ಮುಗಿಸಿ, ಅಂಗೈ ಎತ್ತಿದವರು, ಕೆಳಗೆ ಬಡಿಯಲು ಏನೂ ಸಿಗದೆ, ಹಾಗೇ ಮನೆಗೆ ಬಂದರಂತೆ. ಆಮೇಲೆ ಸಭೆಗೆ ಹೋಗಲಿಲ್ಲ.

"ಇವಗ ಸಾಯಾಕ ಪುರಸೊತ್ತಿಲ್ಲವಾ," ಎಂದಳು ಆಯಿ. "ಆ ಗರಿ ಸಲುವಾಗಿ ಜೀವಾ ಹಿಡದಾನ."

ಇದೇ ಟೀಕೆಯ ಇನ್ನೊಂದು ಕಟ್ಟು ತೊರಗಲ್ಲಿನ ಒಂದು ಮನೆಯಲ್ಲಿದೆ ಎಂದು ಅಜ್ಜಾರಿಗೆ ಗೊತ್ತಿತ್ತು. ಕಣ್ಣಿದ್ದಾಗ ಎರಡು ಸಲ ಹೋಗಿ ಬಂದಿದ್ದರು. ಅದು ಆ ಮನೆಯ ದೇವರು, ಹೆಣ್ಣುಮಕ್ಕಳ ಹೊರತು ಯಾರೂ ಮುಟ್ಟುವ ಹಾಗಿಲ್ಲ ಎಂದು ಎರಡು ಸಲವೂ ಹೊಸ್ತಿಲಿಂದಲೇ ಕಳಿಸಿದ್ದರು. ನನ್ನ ಸೋದರಮಾವನ ಮನೆ ಇರುವುದು ಅದೇ ತೊರಗಲ್ಲಿನಲ್ಲಿ. ಇದನ್ನು ನಾನು ಹೇಳಿದ ದಿನ ಅಜ್ಜಾರು ಎರಡು ರೊಟ್ಟಿ ಜಾಸ್ತಿ ತಿಂದರು. ಆಯಿ ನನ್ನನ್ನು ಮೊದಲ ಸಲ "ನಮ್ಮ ಹುಡಿಗಿ" ಎಂದಳು.

ನಡುವೆ ಅಪ್ಪ ಇದ್ದ. ಅಪ್ಪನದು ಪೇಟೆಯಲ್ಲಿ ಅರಳೆ ವ್ಯಾಪಾರ. ಮಾತನ್ನು ಅರಳೆಗಿಂತ ತುಟ್ಟಿ ಎಂದು ತಿಳಿದವ, ಎರಡು ಮಾತಿನಲ್ಲಿ ಆಗುವುದನ್ನು ಒಂದರಲ್ಲಿ ಮುಗಿಸುವವ. ಪ್ಲೇಗಿನ ದೆಸೆಯಿಂದ ನನ್ನ ಮದುವೆ ಮುಂದೆ ಹೋಗಿತ್ತು. ಆಗ ನೇಸರಗಿಯಿಂದ ಒಂದು ಸಂಬಂಧ ಬಂತು. ನನ್ನನ್ನು ನೋಡಿ ಹೋದ ಮೇಲೆ ಹುಡುಗನ ಅವ್ವ ಹೇಳಿ ಕಳಿಸಿದಳು: "ಹುಡಿಗಿ ಛಲೋ ಅದಾಳ. ಆದ್ರ ಗರಿ ಓದೋ ಸೊಸಿ ನಮಗ ಬ್ಯಾಡ. ನಾ ಒಂದ ಅಂದ್ರ ಅಕಿ ಮೂರ ಕಾರಣ ಕೊಡತಾಳ." ಅತ್ತೆಗೆ ಸೊಸೆಯ ಗುಣ ಇಷ್ಟು ಮೊದಲೇ ತಿಳಿದದ್ದು ನಮ್ಮ ಸೀಮೆಯಲ್ಲಿ ಅದೇ ಮೊದಲು.

"ಅವರು ಹೂಂ ಅಂದ ದಿನದಿಂದ ಶಾಸ್ತ್ರಿಗಳ ಮನಿಗೆ ಹೋಗೂದು ಬಂದ್," ಎಂದ ಅಪ್ಪ.

ಅವರು ಹೂಂ ಅನ್ನುವ ಮೊದಲು ತೊರಗಲ್ಲಿನ ಸೋದರಮಾವನ ಬಸುರಿ ಹೆಂಡತಿಗೆ ಏಳು ತಿಂಗಳ ಆರತಿ ಬಂತು. ಅವ್ವನ ಜೊತೆ ನಾನೂ ಗಾಡಿ ಹತ್ತಿದೆ. ಹೊರಡುವ ಹಿಂದಿನ ದಿನ ಅಜ್ಜಾರು ನನ್ನ ಎರಡೂ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು, ಎಲ್ಲ ಇವೆಯೇ ಎಂದು ಎಣಿಸುವವರ ಹಾಗೆ.

"ಒಂದ ಗರಿ ಮಗಳ. ಒಂದ. ನೋಡಿ ಬರಕೊಂಡ ಬಾ."

ತೊರಗಲ್ಲಿನ ಆ ಮನೆ ಕೋಟೆಯ ಬುಡದಲ್ಲಿತ್ತು. ಬಾಗಿಲು ತೆಗೆದ ಮುದುಕಿಗೆ ಹಲ್ಲಿರಲಿಲ್ಲ, ನಗು ಬಹಳ ಇತ್ತು. ಪುಸ್ತಕ ನೋಡಬೇಕು ಎಂದೆ.

"ಅದು ಪುಸ್ತಕ ಅಲ್ಲವಾ, ದೇವರು. ಸೋಮಾರಕ್ಕೊಮ್ಮೆ ಜಳಕಾ ಮಾಡಸ್ತೇವಿ."

"ಜಳಕಾ ಅಂದ್ರ?"

"ಮೊದಲ ನೀರು. ಆಮ್ಯಾಲ ಹಾಲು, ತುಪ್ಪಾ. ನಮ್ಮ ಅತ್ತೀ ಅತ್ತಿ ಕಾಲದಿಂದ ಒಂದ ವಾರಾ ತಪ್ಪಿಲ್ಲ."

ತಾಳೆಗರಿಗೆ ಹಾಲು ತುಪ್ಪ ಏನು ಮಾಡುತ್ತವೆ ಎಂದು ನನಗೆ ಗೊತ್ತಿತ್ತು. ಆದರೂ ಹಿಂದೆ ಸರಿಯಲಿಲ್ಲ. ನಿಮ್ಮ ದೇವರು ನನ್ನ ಕನಸಿನಲ್ಲಿ ಬೈಲಹೊಂಗಲದವರೆಗೆ ನಡೆದು ಬಂದಿದ್ದ, ಕಟ್ಟು ಬಹಳ ಬಿಗಿ ಆಗಿದೆ, ಉಸಿರಾಡಲು ಆಗುತ್ತಿಲ್ಲ, ಒಮ್ಮೆ ಬಿಚ್ಚಿ ಗಾಳಿ ಹಾಕಿರಿ ಎಂದ ಎಂದೆ. ಅಷ್ಟು ದೂರ ನಡೆದನೇ ಎಂದು ಮುದುಕಿ ಗಲ್ಲ ಬಡಿದುಕೊಂಡು, ಜಗಲಿಯ ಮೇಲಿಂದ ದೇವರನ್ನು ಇಳಿಸಿದಳು.

ಮೇಲೆ ಏಳು ಕೆಂಪು ವಸ್ತ್ರ, ನೀವು ಮೂರೂವರೆ ಎಂದು ತಿಳಿಯಿರಿ. ಕೊನೆಯದನ್ನು ಬಿಚ್ಚಿದಾಗ ಹುಳಿ ಹಾಲಿನ ವಾಸನೆ ಬಂತು. ಒಳಗೆ ಮುನ್ನೂರು ಗರಿ ಒಂದಕ್ಕೊಂದು ಅಂಟಿ, ಒಂದೇ ಕರಿಯ ಹಲಗೆಯಾಗಿತ್ತು. ನಾನು ಅಂಚಿಗೆ ಉಗುರು ಹಾಕಿ ಎಬ್ಬಿಸಲು ನೋಡಿದೆ. ತೊಗರಿಬೇಳೆಯಷ್ಟು ಚೂರು ಎದ್ದು ಬಂತು. ಅದರ ಮೇಲೆ ಅರ್ಧ ಅಕ್ಷರ ಇತ್ತು, ಯಾವ ಅಕ್ಷರದ ಅರ್ಧ ಎಂದು ಹೇಳಲು ಬರುತ್ತಿರಲಿಲ್ಲ.

"ಏನ್ ಬರದಾರವಾ ಅದರಾಗ?" ಮುದುಕಿ ಕೇಳಿದಳು. "ನಾವು ಯಾರೂ ಓದಾಕ ಕಲ್ತಿಲ್ಲ. ನಮ್ಮ ಅತ್ತಿ ಸಾಯೂಮುಂದನೂ ಇದನ್ನ ಕೇಳಿದ್ಲು."

ಹಾಲು ತುಪ್ಪ ಹಾಕಿದ ಕೈಗಳು ನನ್ನೆದುರು ಜೋಡಿಸಿ ನಿಂತಿದ್ದವು. "ಈ ಮನಿತನಾ ತಣ್ಣಗಿರಲಿ ಅಂತ ಬರದಾರ್ರಿ," ಎಂದೆ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಉಡಿಯಲ್ಲಿ ಒಂದು ಕೊಬ್ಬರಿ ಬಟ್ಟಲು ಹಾಕಿದಳು. ಜನ ಅದನ್ನು ಪ್ರೀತಿ ಮಾಡದಿದ್ದರೆ ಆ ಗರಿ ಈಗಲೂ ಓದಲು ಬರುತ್ತಿತ್ತು.

ಮೊನ್ನೆ ಪಂಚಮಿಯ ಗಾಡಿಯಲ್ಲಿ ಅಣ್ಣ ಇನ್ನೊಂದು ಮಾತು ಹೇಳಿದ. ಅಜ್ಜಾರ ಕಟ್ಟನ್ನು ಆಯಿ ಕೆಂಪು ವಸ್ತ್ರದಲ್ಲಿ ಸುತ್ತಿ, ದೇವರ ಜಗಲಿಯ ಮೇಲೆ ಇಟ್ಟಿದ್ದಾಳಂತೆ. ಮನೆ ಮುಟ್ಟಿದವಳೇ ನಾನು ಮೊದಲು ಆಯಿಯ ಹತ್ತಿರ ಓಡಿದೆ. "ಹಾಲ ಹಾಕಬ್ಯಾಡಾಯಿ," ಎಂದೆ. "ನಾ ಯಾಕ ಹಾಕಲಿ," ಎಂದಳು ಆಯಿ, "ಅವ ನಮ್ಮ ಮನ್ಯಾಗಿನ ಹಾಲ ಕುಡದದ್ದ ಸಾಕು." ಬೈದಳು ಎಂದು ನನಗೆ ಜೀವ ಬಂತು.

ಆವತ್ತು ತೊರಗಲ್ಲಿನಿಂದ ಬರುವಾಗ ನಾನು ಗಾಡಿಯಲ್ಲಿ ಮಾತಾಡಲಿಲ್ಲ. ಅವ್ವ ಜ್ವರ ಬಂತೇ ಎಂದು ಹಣೆ ಮುಟ್ಟಿ ನೋಡಿದಳು. ಕಟ್ಟು ಹಲಗೆ ಆಗಿದೆ ಎಂದು ಹೇಳಿದರೆ, ಕಿತ್ತೂರಿನ ಪಂಡಿತರ ಮಾತಿಗೆ ಸಮಾಧಾನ ಇನ್ನು ಯಾವ ಕಾಲಕ್ಕೂ ಇಲ್ಲ ಎಂದು ಹೇಳಿದ ಹಾಗೆ. ಸುಳ್ಳು ಹೇಳಿದರೆ "ಇದು ನಿಂದು" ಎನ್ನುತ್ತಾರೆ. ಸಂಜೆ ಸವದತ್ತಿಯಲ್ಲಿ ಪರಿಚಯದವರ ಮನೆಯಲ್ಲಿ ಇಳಿದೆವು. ಅವರ ಅಂಗಳದಲ್ಲಿ ಒಂದು ಎಮ್ಮೆ ಒದರುತ್ತಿತ್ತು.

"ಹಸದೈತೇನ್ರಿ?" ಎಂದು ಮನೆಯಾಕೆಯನ್ನು ಕೇಳಿದೆ.

"ಹಸವಿ ಎಲ್ಲಿದವಾ, ಈಗ ಮ್ಯಾವ ತಿಂದೈತಿ. ಕೆಚ್ಚಲ ತುಂಬೇತಿ. ಕರಾ ಬರಲಿ ಅಂತ ಒದರಾಕ ಹತ್ತೈತಿ."

ನಾನು ಆ ಎಮ್ಮೆಯ ಮುಂದೆ ಬಹಳ ಹೊತ್ತು ನಿಂತೆ. ಮರುದಿನ ದಾರಿಯುದ್ದಕ್ಕೂ, ಅಪ್ಪನ ಪೇಟೆಯ ಹಾಳು ಕಾಗದದ ಹಿಂಬದಿಯಲ್ಲಿ, ಸೀಸದ ಕಡ್ಡಿಯಿಂದ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ.

ಇಲ್ಲಿಂದ ಮುಂದೆ ಅರ್ಧ ತೆಗೆಯಬೇಡಿ.

ನಾನು ಹೋದ ಎಂಟು ದಿನದಲ್ಲಿ ಅಜ್ಜಾರು ಹಾಸಿಗೆ ಹಿಡಿದಿದ್ದರು. ಮಧ್ಯಾಹ್ನದ ಹೊತ್ತು. ಗೋಡೆಗೆ ಒರಗಿಸಿದ ಕೌದಿಯ ಗಂಟಿಗೆ ಬೆನ್ನು ಕೊಟ್ಟು ಕೂತಿದ್ದರು. ಆಯಿ ಕಾಲ ಹತ್ತಿರ ಬತ್ತಿ ಹೊಸೆಯುತ್ತಿದ್ದಳು. ನನ್ನ ಹೆಜ್ಜೆ ಕೇಳಿ ಅಜ್ಜಾರು ಮುಖವನ್ನು ನನ್ನ ಕಡೆ ತಿರುಗಿಸಿ ಕಣ್ಣು ಮುಚ್ಚಿದರು. ಓದುವ ಮೊದಲು ಯಾವಾಗಲೂ ಮಾಡುತ್ತಿದ್ದ ಹಾಗೆ.

"ಸಿಕ್ಕೇತ್ರಿ," ಎಂದೆ.

ಆಯಿಯ ಕೈ ನಿಂತಿತು.

ನಾನು ಕಾಗದ ಬಿಚ್ಚಿ ಓದಿದೆ. "ಇದಕ್ಕೆ ಸಮಾಧಾನಮೆಂತೆಂದೊಡೆ, ಬಯಕೆ ಎರಡು ತೆರನು. ಬರಿದಾದುದರ ಬಯಕೆಯೊಂದು, ತುಂಬಿದುದರ ಬಯಕೆಯೊಂದು. ಕೆಚ್ಚಲು ತುಂಬಿದೆಮ್ಮೆ ಕರುವನರಸಿ ಕೂಗುವುದು. ಆ ಕೂಗು ಕೊರತೆಯದಲ್ತು, ತುಂಬಿದುದರದು. ಅಂತೆ ತುಂಬಿದಾತನೀ ಲೋಕಮಂ ಕರೆದನ್."

ಅಂಗಳದಲ್ಲಿ ಕಾಗೆ ಕೂಗಿ ಹೋಯಿತು. "ಇನ್ನೊಮ್ಮೆ ಓದ," ಎಂದರು ಅಜ್ಜಾರು. ಓದಿದೆ. ಅವರ ತುಟಿ ನನ್ನ ಹಿಂದಿಂದೆ ಆಡುತ್ತಿತ್ತು, ಕಲಿಯುವವರ ಹಾಗೆ. ಮುಗಿದ ಮೇಲೆ ಬಲಗೈಯ ಬೆರಳು ಮೆಲ್ಲಗೆ ಮೇಲೆದ್ದಿತು. ಅದು ಬಹಳ ತೆಳ್ಳಗಾಗಿತ್ತು.

"ಮೊದಲ ಪೂರ್ವಪಕ್ಷ ಕೇಳ. ಈ ಮಾತು ಹಿರ್ಯಾರದಲ್ಲ. ಯಾಕಂದ್ರ, ಒಂದು. ಹಿರ್ಯಾರು ದೃಷ್ಟಾಂತಕ್ಕ ಮಡಕಿ ತಗೋತಾರ, ಅರಿವಿ ತಗೋತಾರ. ಮುನ್ನೂರ ಗರಿಯೊಳಗ ಒಮ್ಮಿನೂ ಎಮ್ಮಿ ಬಂದಿಲ್ಲ. ಎರಡು. ಗರಿ ನೋಡಿ ಬರಕೊಂಡಾವರು ತೂತ ಇದ್ದಲ್ಲೆ ಗುರತ ಹಾಕೋತಾರ, ಓದುವಾಗ ನಿಂತ ದಾಟತಾರ. ನೀ ಎಲ್ಲೀನೂ ನಿಂದ್ರಲಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡರು. "ಮೂರು. ಎರಡ ವರ್ಷ ಗರಿ ಓದಿದಿ, ನಿನ್ನ ದನಿ ನಡಗಿದ್ದಿಲ್ಲ. ಇವತ್ತ ನಡಗಾಕ ಹತ್ತೈತಿ."

ನಾನು ಕಾಗದವನ್ನು ಮಡಚಿದೆ. ಮತ್ತೆ ಮಡಚಿದೆ. ಇನ್ನು ಮಡಚಲು ಬಾರದಷ್ಟು ಚಿಕ್ಕದಾಯಿತು.

"ಪೂರ್ವಪಕ್ಷ ಗಟ್ಟಿ ಐತೇನ?" ಎಂದು ಕೇಳಿದರು.

"ಐತ್ರಿ."

"ಇರಬೇಕು. ಇರದಿದ್ರ ನಾ ಬರೋಬ್ಬರಿ ಹೇಳಿಲ್ಲ ಅಂತಾತು."

ಅವರ ಮುಖದಲ್ಲಿ ನಗು ಬಂದಿತ್ತು. ಆಯಿಗೆ ಕೈ ಸನ್ನೆ ಮಾಡಿದರು. ಆಯಿ ಬಂದು ಬೆನ್ನಿನ ಹಿಂದಿನ ಗಂಟನ್ನು ಎತ್ತರಿಸಿ ಅವರನ್ನು ನೆಟ್ಟಗೆ ಕೂರಿಸಿದಳು. ಅಜ್ಜಾರು ಬೆರಳು ಮಡಚಿದರು. ಅಂಗೈ ಬಿಚ್ಚಿ ಮೇಲೆತ್ತಿದರು.

"ಇನ್ನ ಇದಕ್ಕ ಸಮಾಧಾನ ಏನಂದ್ರ..."

ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿದ್ದ. ಮೈಮೇಲೆ ಪೇಟೆಯ ಅರಳೆಯ ಎಳೆಗಳು ಅಂಟಿದ್ದವು. ಅಜ್ಜಾರಿಗೆ ಕೈ ಮುಗಿದ. ಆಮೇಲೆ ನನ್ನನ್ನು ನೋಡಿದ.

"ನೇಸರಗಿಯವರು ಹೂಂ ಅಂದಾರ. ಮನಿಗೆ ನಡಿ."

ನಾನು ಅಜ್ಜಾರ ಕಡೆ ನೋಡಿದೆ. ಮನೆಗೆ ಬಂದವರ ಮಾತಿನ ಮೇಲೆ ಮಾತಾಡುವವರಲ್ಲ ಅವರು. ಅಂಗೈ ತೊಡೆಯಿಂದ ಒಂದು ಗೇಣು ಮೇಲೆ ನಿಂತಿತ್ತು. ಅಪ್ಪ ನನ್ನ ರಟ್ಟೆ ಹಿಡಿದು ಎಬ್ಬಿಸಿದ. ಹೊಸ್ತಿಲು ದಾಟುವಾಗ ತಿರುಗಿ ನೋಡಿದೆ, ಆಗಲೂ ಅದು ಅಲ್ಲೇ ಇತ್ತು.